ಡೆನ್ಮಾರ್ಕಿನ ಕೂಸಿಗೊಂದು ದೃಷ್ಟಿಬೊಟ್ಟು

ಕಾಮಾಕ್ಷಜ್ಜಿ ತನ್ನ ಎಪ್ಪತ್ತಾರು ವರ್ಷದ ಬಾಳಿನಲ್ಲಿ ಕೂಸುಗಳ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದರೆ ಮೈಸೂರಿನಿಂದ ನಂಜನಗೂಡಿಗೆ ಒಂದು ಕರಿಗೆರೆಯೇ ಎಳೆದಂತಾಗುತ್ತಿತ್ತು. ಅವುಗಳಲ್ಲಿ ಒಂದೇ ಒಂದು ಬೊಟ್ಟೂ ಯಾರ ಹೊಟ್ಟೆಪಾಡಿಗೂ ಕುತ್ತು ತಂದಿರಲಿಲ್ಲ. ಭೂಮಿಯ ದಕ್ಷಿಣ ತುದಿಯ ನಾಡೊಂದರ ನೆಲ್ಸನ್ ಊರಿನಲ್ಲಿ, ಅಲ್ಲಿಗೆ ಚಳಿಗಾಲವಾದ ಜೂನ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಇಟ್ಟ ಬೊಟ್ಟು ಮಾತ್ರ ಮೊಮ್ಮಗಳು ಸಂಯುಕ್ತಾಳ ಕೆಲಸಕ್ಕೇ ಸಂಚಕಾರ ತಂದಿತು. ಯಾಕೆಂದರೆ ಆ ಕೂಸಿಗೆ ನೂರ ಎಪ್ಪತ್ತು ವರ್ಷ ದಾಟಿತ್ತು, ಅದು ಡೆನ್ಮಾರ್ಕಿನದಾಗಿತ್ತು, ಮತ್ತು ಎಣ್ಣೆಬಣ್ಣದಲ್ಲಿ ಬರೆದದ್ದಾಗಿತ್ತು.

ಸಂಯುಕ್ತಾ ಅದೇ ನಾಡಿನ ಡನೀಡಿನ್‌ನಲ್ಲಿ ಓದು ಮುಗಿಸಿ ನೆಲ್ಸನ್‌ಗೆ ಬಂದವಳು. ಅಲ್ಲಿ ಹಳೆಯ ಮರದ ಮನೆಯೊಂದನ್ನು ಮ್ಯೂಸಿಯಂ ಮಾಡಿದ್ದರು. ಹಡಗಿನಲ್ಲಿ ಬಂದಿಳಿದ ಮೊದಲ ವಲಸಿಗರ ಬೆಣ್ಣೆ ಕಡೆಯುವ ಪೀಪಾಯಿ, ಕೈಹೊಲಿಗೆಯ ಮಿಷನ್ನು, ಒಂದು ಕಾಲು ಮುರಿದ ತೊಟ್ಟಿಲು. ಇವುಗಳ ಧೂಳು ಒರೆಸಿ, ಪಟ್ಟಿ ಬರೆದು, ಚೀಟಿ ಅಂಟಿಸುವುದು ಅವಳ ಕೆಲಸ. ಅಜ್ಜಿಯ ಕಥೆಗಳನ್ನೇ ಉಂಡು ಬೆಳೆದ ಹುಡುಗಿಗೆ ಸಂಬಳ ಕೊಟ್ಟು ಹಗಲುಗನಸು ಕಾಣಲು ಬಿಟ್ಟ ಹಾಗಾಗಿತ್ತು. ತೊಟ್ಟಿಲ ಮುಂದೆ ಪೊರಕೆ ಹಿಡಿದು ನಿಂತಳೆಂದರೆ ಅದರಲ್ಲಿ ಮಲಗಿದ್ದ ಕೂಸು ದೊಡ್ಡದಾಗಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಾಣುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ.

ಆದರೆ ಅದು ಆರು ತಿಂಗಳ ಕೆಲಸ. ಜೂನ್ ಮುಗಿದರೆ ಕೆಲಸ ಮುಗಿಯಿತು, ಕೆಲಸದ ಬಾಲ ಹಿಡಿದುಕೊಂಡಿದ್ದ ವೀಸಾವೂ ಮುಗಿಯಿತು. ಮುಂದುವರಿಸುತ್ತೀರಾ ಎಂದು ಮ್ಯೂಸಿಯಂನ ಮುಖ್ಯಸ್ಥ ಗ್ರಹಾಂನನ್ನು ಕೇಳಿದರೆ ಅವನು ಕಿಟಕಿಯಾಚೆ ನೋಡುತ್ತ “ಯಾ, ನಾ” ಎನ್ನುತ್ತಿದ್ದ. ಹೌದು, ಅಲ್ಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಆ ನಾಡಿನವರ ರೂಢಿ.

“ಅವನೇ ‘ಯಾ’ರು ಅಂತ ಕೇಳ್ತಾನೆ, ಅವನೇ ‘ನಾ’ನು ಅಂತ ಓಗೊಡ್ತಾನೆ,” ಎಂದಿದ್ದಳು ಅಜ್ಜಿ. “ಕದ ತಟ್ಟೋನೂ ಅವನೇ, ತೆಗೆಯೋನೂ ಅವನೇ. ನಿನ್ನ ಮಾತಿಗೆ ಉತ್ರ ಎಲ್ಲಿ ಕೊಟ್ಟ ಆ ಗ್ರಹಣ?”

“ಗ್ರಹಣ ಅಲ್ಲ ಅಜ್ಜಿ, ಗ್ರಹಾಂ.”

“ಮುಖ ನೋಡಿದ್ರೆ ನಾನು ಹೇಳಿದ್ದೇ ಸರಿ.”

ಅಜ್ಜಿ ಮೂರು ತಿಂಗಳಿಗೆಂದು ಬಂದವಳು. ಬರುವಾಗ ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ತಂದಿದ್ದಳು. ಅದು ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರಿತು. ಹರಳೆಣ್ಣೆ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿ ಮಾಡಿದ ಕಾಡಿಗೆಯ ಬೆಳ್ಳಿ ಡಬ್ಬಿ ಮಾತ್ರ, ಕಣ್ಣಿಗೆ ಹಚ್ಚುವುದು ಎಂಬ ವಿವರಣೆಯ ಮೇಲೆ, ದೇಶದೊಳಕ್ಕೆ ಬಂದಿತ್ತು. ಸಂಯುಕ್ತಾಳ ಬಾಡಿಗೆ ಮನೆ ಐಸ್ ಪೆಟ್ಟಿಗೆಯಂತಿದ್ದುದರಿಂದ ಅಜ್ಜಿ ದಿನಾ ಅವಳ ಜೊತೆ ಮ್ಯೂಸಿಯಂಗೆ ಬರುತ್ತಿದ್ದಳು. ಸೀರೆಯ ಮೇಲೆ ಮೊಮ್ಮಗಳ ಹಳೇ ಜಾಕೆಟ್ಟು, ಕಿವಿ ಮುಚ್ಚುವ ಕಪ್ಪು ಉಣ್ಣೆ ಟೋಪಿ, ದಪ್ಪ ಕಾಲುಚೀಲದ ಮೇಲೆ ಚಪ್ಪಲಿ. ಹೀಟರ್ ಇದ್ದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು, ಹೂಬತ್ತಿ ಹೊಸೆಯುತ್ತ ಕೂತಳೆಂದರೆ ಬಂದವರಲ್ಲಿ ಅರ್ಧ ಜನ ಅವಳನ್ನೂ ಪ್ರದರ್ಶನದ ಭಾಗವೆಂದೇ ತಿಳಿದು ಫೋಟೋ ತೆಗೆದುಕೊಳ್ಳುತ್ತಿದ್ದರು.

ಆ ಹೀಟರ್ ಕೋಣೆಯಲ್ಲೇ, ಅಜ್ಜಿಯ ಕುರ್ಚಿಯ ಎದುರು, ಆ ಚಿತ್ರವಿತ್ತು. ಮೊಳದುದ್ದದ್ದು. ಬಿಳಿ ಗೌನು, ಸೊಂಟಕ್ಕೆ ನೀಲಿ ಪಟ್ಟಿ, ಕೊರಳಲ್ಲಿ ಹವಳದ ಸರ, ಭುಜದವರೆಗೆ ಹೊಂಬಣ್ಣದ ಗುಂಗುರು ಕೂದಲು. ಮೂರು ವರ್ಷದ ಕೂಸು, ಈಗಷ್ಟೇ ಯಾರೋ ಕರೆದರು ಎಂಬಂತೆ ನೋಡುತ್ತಿತ್ತು. ಉಳಿದದ್ದೆಲ್ಲ ಕಂದು ಕತ್ತಲು. ಬಲಗೈ ಮೊಣಕೈನಿಂದಾಚೆ ಕತ್ತಲಲ್ಲಿ ಮುಳುಗಿ ಕಾಣುತ್ತಲೇ ಇರಲಿಲ್ಲ. ಚೌಕಟ್ಟಿನ ಹಿಂದೆ ಹಳೆಯ ಚೀಟಿ: ‘ಕಾರೆನ್. ನಾಲ್ಕು ತುಂಬುವ ಮುನ್ನ ದೇವರ ಪಾದ ಸೇರಿದಳು.’

ಅದು ಮಿಸೆಸ್ ಮ್ಯಾಡ್ಸನ್ ಎಂಬ ಎಂಬತ್ತೊಂದು ವರ್ಷದ ಅಜ್ಜಿಯದು. ಅವರ ಮುತ್ತಜ್ಜ ಡೆನ್ಮಾರ್ಕಿನಿಂದ ಹಡಗು ಹತ್ತಿದಾಗ ಜೊತೆಗೆ ತಂದದ್ದು. ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಹೋಗುತ್ತಿದ್ದ ಅವರು ಚಿತ್ರವನ್ನು ಮ್ಯೂಸಿಯಂಗೆ ಕೊಡಲೋ ಬೇಡವೋ ಎಂದು ಎರಡು ತಿಂಗಳ ಮಟ್ಟಿಗೆ ಇಲ್ಲಿಟ್ಟು ನೋಡುತ್ತಿದ್ದರು. ಶುಕ್ರವಾರ ಬಂದು ತೀರ್ಮಾನ ಹೇಳುವವರಿದ್ದರು. ಕೊಟ್ಟರೆ ಅದರ ಸುತ್ತ ಹೊಸ ಕೋಣೆಯೊಂದು ಏಳುತ್ತಿತ್ತು. ಆ ಕೋಣೆ ನೋಡಿಕೊಳ್ಳಲು ಖಾಯಂ ಆಗಿ ಒಬ್ಬರು ಬೇಕಾಗುತ್ತಿತ್ತು. ಆ ಒಬ್ಬಳು ಸಂಯುಕ್ತಾ ಆಗಬಹುದಿತ್ತು. ಕೊಡದಿದ್ದರೆ ಅಜ್ಜಿ, ಮೊಮ್ಮಗಳು ಒಂದೇ ವಿಮಾನದಲ್ಲಿ ಊರಿಗೆ.

ಚಿತ್ರ ನೋಡಿದ ಮೊದಲ ದಿನವೇ ಅಜ್ಜಿ ಹೇಳಿದ್ದಳು: “ಇದು ಗಂಡು ಕೂಸು ಕಣೆ.”

“ಗೌನು ಹಾಕಿದೆ, ಸರ ಹಾಕಿದೆ, ಹೆಸರು ಕಾರೆನ್ ಅಂತ ಹಿಂದೆ ಬರೆದಿದೆ. ಗಂಡು ಹೇಗಾಗುತ್ತೆ?”

“ನನ್ನ ತಮ್ಮ ಬದರಿನಾಥನ ಫೋಟೋ ನೋಡಿಲ್ವೇನೆ ನೀನು? ಚೌಲಕ್ಕೆ ಮುಂಚೆ ಜಡೆ ಹೆಣೆದು, ಮೊಗ್ಗು ಕಟ್ಟಿ, ನನ್ನ ಲಂಗ ಉಡಿಸಿ, ಸ್ಟುಡಿಯೋಗೆ ಕರ್ಕೊಂಡು ಹೋಗಿ ತೆಗೆಸಿದ್ದು. ಅವನ ಹೆಂಡ್ತಿ ಮದುವೆಯಾದ ವರ್ಷ ನೋಡಿ, ‘ನಿಮಗೆ ಇನ್ನೊಬ್ಬ ತಂಗಿ ಇದ್ಳಾ’ ಅಂತ ಕೇಳಿದ್ಳು. ತೊಟ್ಟ ಬಟ್ಟೆ ನೋಡ್ಬಾರ್ದು, ನಿಂತ ಭಂಗಿ ನೋಡ್ಬೇಕು. ಇದು ಕೈಯಲ್ಲಿ ಏನೋ ಹಿಡ್ಕೊಂಡಿದೆ. ಯಾರಿಗೋ ಬಾರಿಸೋಕೆ ಕಾಯ್ತಿದೆ.”

“ಕೈಯೇ ಕಾಣಲ್ವಲ್ಲ ಅಜ್ಜಿ!”

“ಕಾಣ್ದೆ ಇದ್ರೇನು, ತೋಳು ಹೇಳುತ್ತಲ್ಲ.”

ಸಂಯುಕ್ತಾ ನಕ್ಕು ಬಿಟ್ಟಿದ್ದಳು. ಅಲ್ಲೇ ತಪ್ಪಿದ್ದು. ಚಿತ್ರದ ಕೂಸನ್ನು ಗಂಡೋ ಹೆಣ್ಣೋ ಎಂದು ವಿಚಾರಿಸತೊಡಗಿದ ಅಜ್ಜಿ, ಮುಂದೆ ಅದರ ಆರೋಗ್ಯವನ್ನೂ ವಿಚಾರಿಸುವಳು ಎಂದು ಹೊಳೆಯಬೇಕಿತ್ತು.

ಆ ಮಂಗಳವಾರ ನಿವೃತ್ತರ ಒಂದು ಬಸ್ಸು ಬಂತು. ನಲವತ್ತು ಜನ. ನಲವತ್ತೂ ಜನ ಸರದಿಯಲ್ಲಿ ಚಿತ್ರದ ಮುಂದೆ ನಿಂತು “ಓ, ಎಷ್ಟು ಚೆಂದ!” “ಆ ಕೆನ್ನೆ ನೋಡು!” ಎಂದು ಉಸಿರೆಳೆದರು. ಅಜ್ಜಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ‘ಬ್ಯೂಟಿಫುಲ್’ ಒಂದು. ಅದನ್ನು ನಲವತ್ತು ಸಲ ಕೇಳಿ ಅವಳು ಹೂಬತ್ತಿ ಕೆಳಗಿಟ್ಟಳು. ಬಸ್ಸು ಹೊರಟಿತು. ಸಂಯುಕ್ತಾ ಎರಡು ಲೋಟ ಕಾಫಿ ಹಿಡಿದು ಬರುವಷ್ಟರಲ್ಲಿ ಅಜ್ಜಿ ಉಂಗುರಬೆರಳನ್ನು ಹತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಕೂಸಿನ ಎಡಗೆನ್ನೆಯ ಮೇಲೆ, ಮೆಣಸಿನ ಕಾಳಿನಷ್ಟು, ಗುಂಡಗೆ, ಕಪ್ಪಗೆ, ಅಚ್ಚುಕಟ್ಟಾಗಿ ಒಂದು ಬೊಟ್ಟು.

ಲೋಟಗಳು ಬೀಳಲಿಲ್ಲ. ಅದೊಂದು ಪುಣ್ಯ.

“ಅಜ್ಜೀ... ಏನು ಮಾಡಿದೆ?”

“ದೃಷ್ಟಿ ತಾಗ್ಬಾರ್ದು ಅಂತ ಒಂದು ಬೊಟ್ಟಿಟ್ಟೆ. ಯಾಕೆ ಹಾಗೆ ಕಣ್ಣು ಬಿಡ್ತೀಯೇ? ನಲವತ್ತು ಜನ! ಒಬ್ಬರಾದ್ರೂ ಥೂ ಅನ್ಲಿಲ್ಲ.”

“ಅದು ಚಿತ್ರ ಅಜ್ಜಿ. ಹಳೇ ಚಿತ್ರ. ನಾವ್ಯಾರೂ ಬರಿಗೈಲಿ ಮುಟ್ಟೋದೂ ಇಲ್ಲ, ಗ್ಲೌಸ್ ಹಾಕ್ಕೋತೀವಿ.”

“ಗೊತ್ತಾಯ್ತು ಬಿಡು. ಚಂದ್ರನ ಕಥೆ ಮರ್ತೆಯಾ?”

ಮರೆತಿರಲಿಲ್ಲ. ಒಬ್ಬ ರಾಜನ ಕೂಸು ಎಷ್ಟು ಚೆಂದವಿತ್ತೆಂದರೆ ಚಂದ್ರ ದಾರಿ ಬಿಟ್ಟು ಅಂತಃಪುರದ ಕಿಟಕಿಯಲ್ಲಿ ಇಣುಕಿದ. ಅವನ ಕಣ್ಣು ತಾಗಿ ಕೂಸು ಹಾಲು ಬಿಟ್ಟಿತು. ಸೂಲಗಿತ್ತಿ ಒಲೆಯ ಮಸಿ ತೆಗೆದು ಕೂಸಿಗೊಂದು ಬೊಟ್ಟಿಟ್ಟಳು. ಸಿಟ್ಟು ತಡೆಯದೆ ಚಂದ್ರನ ಮುಖಕ್ಕೂ ಒಂದು ತಿಕ್ಕಿದಳು. ಅವನ ಮೈಮೇಲಿನ ಕಪ್ಪು ಇನ್ನೂ ಹೋಗಿಲ್ಲ. ಚಿಕ್ಕಂದಿನಲ್ಲಿ ಎಷ್ಟು ಮುದ್ದಾಗಿದ್ದ ಕಥೆ! ಇವತ್ತು ಅದರ ಕೊನೆಯ ಸಾಲು ಮಾತ್ರ ಸಂಯುಕ್ತಾಳ ಕಿವಿಯಲ್ಲಿ ಗುಂಯ್‌ಗುಟ್ಟಿತು. ಇನ್ನೂ ಹೋಗಿಲ್ಲ.

“ಅಷ್ಟು ಬೇಡ ಅಂದ್ರೆ ಒರೆಸ್ತೀನಿ ತಗೋ,” ಎಂದು ಅಜ್ಜಿ ಸೆರಗು ಕೈಗೆ ತೆಗೆದುಕೊಂಡಳು. ಸಂಯುಕ್ತಾ ಹಾರಿ ಅವಳ ಕೈ ಹಿಡಿದಳು. ಕಾಫಿ ಆಗ ಚೆಲ್ಲಿತು.

ಗ್ರಹಾಂಗೆ ಹೇಳದೆ ಉಪಾಯವಿರಲಿಲ್ಲ. ಅವನು ಬಂದು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಬೊಟ್ಟು ಕನ್ನಡಕದ ಮೇಲಿರಲಿಲ್ಲ.

“ಇದು... ಕಾಡಿಗೆ?”

“ಮಸಿ ಮತ್ತು ತುಪ್ಪ,” ಎಂದಳು ಸಂಯುಕ್ತಾ. “ನಮ್ಮಲ್ಲಿ ಕೂಸುಗಳಿಗೆ ಕೆಟ್ಟ ಕಣ್ಣು ಬೀಳದಿರಲಿ ಅಂತ ಇಡ್ತಾರೆ.”

“ತುಪ್ಪ,” ಎಂದ ಗ್ರಹಾಂ. ಹೋಗಿ ಚಹಾಕ್ಕೆ ನೀರು ಕಾಯಿಸುವ ಕೆಟಲ್ ಹಾಕಿದ. ಆ ನಾಡಿನಲ್ಲಿ ಸಾವಾದರೂ ಭೂಕಂಪವಾದರೂ ಮೊದಲು ಕೆಟಲ್ ಹಾಕುತ್ತಾರೆ. ಅವನು ಅದರ ಪಕ್ಕ ನಿಂತು, ನೀರು ಕುದಿಯುವವರೆಗೂ ಕಾದು, ಲೋಟಕ್ಕೆ ಬಗ್ಗಿಸಿದ. ಆಮೇಲೆ ಹೇಳಿದ: “ನಾಳೆ ಹೇಗೂ ಮೊಯಿರಾ ಬರ್ತಾಳೆ. ಶುಕ್ರವಾರದೊಳಗೆ ಇದು ಹೋಗಬೇಕು. ಮಿಸೆಸ್ ಮ್ಯಾಡ್ಸನ್‌ಗೆ ಗೊತ್ತಾದರೆ ಚಿತ್ರವನ್ನು ಕೂಡಲೇ ಮನೆಗೆ ಒಯ್ಯುತ್ತಾರೆ. ಒಯ್ದರೆ, ಸಂಯುಕ್ತಾ, ನಿನ್ನ ಕೆಲಸದ ಬಗ್ಗೆ ನನಗೆ ಹೇಳೋದಕ್ಕೇನೂ ಉಳಿಯೋದಿಲ್ಲ.”

ಈ ಸಲ ಯಾ ಕೂಡ ಇರಲಿಲ್ಲ, ನಾ ಕೂಡ ಇರಲಿಲ್ಲ. ಸಂಯುಕ್ತಾಳಿಗೆ ಅದೇ ಹೆಚ್ಚು ಭಯವಾಯಿತು.

ಮೊಯಿರಾ ಹಳೆಯ ಚಿತ್ರಗಳನ್ನು ಶುಚಿ ಮಾಡುವವಳು. ಡನೀಡಿನ್‌ನಿಂದ ತಿಂಗಳಿಗೊಮ್ಮೆ ಬರುತ್ತಿದ್ದಳು. ಬುಧವಾರ ಬೆಳಿಗ್ಗೆ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ಮೇಜಿನ ಮೇಲೆ ಮಲಗಿಸಿದಳು. ಭೂತಗನ್ನಡಿಯಲ್ಲಿ ಬೊಟ್ಟನ್ನು ಬಹಳ ಹೊತ್ತು ನೋಡಿ, “ಒಳ್ಳೇ ಗುಂಡಗಿದೆ,” ಎಂದಳು. ಒಂದು ಸಣ್ಣ ಬಿದಿರುಕಡ್ಡಿ ತೆಗೆದುಕೊಂಡು ತುದಿಗೆ ಹತ್ತಿ ಸುತ್ತಿದಳು. ಆಮೇಲೆ ಅದನ್ನು ಬಾಯಲ್ಲಿಟ್ಟು, ಚೆನ್ನಾಗಿ ನೆನೆಸಿ, ಕೂಸಿನ ಕೆನ್ನೆಯ ಮೇಲೆ ಉರುಳಿಸಿದಳು.

ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು.

“ಎಂಜಲು! ಸಂಯೂ, ಎಂಜಲು ಹಚ್ತಿದಾಳಲ್ಲೇ ಕೂಸಿಗೆ!”

ಕಾಮಾಕ್ಷಜ್ಜಿಯ ಎಂಜಲಿನ ಶಿಸ್ತು ಮನೆತನದಲ್ಲೆಲ್ಲ ಹೆಸರಾದದ್ದು. ಲೋಟ ತುಟಿಗೆ ತಾಗಿಸಿದವಳಲ್ಲ. ಅಂಚೆಚೀಟಿಗೆ ನಾಲಿಗೆ ತಾಗಿಸಿದ ಅಪರಿಚಿತ ಗಂಡಸೊಬ್ಬನನ್ನು ಅಂಚೆ ಕಚೇರಿಯಲ್ಲೇ ತರಾಟೆಗೆ ತೆಗೆದುಕೊಂಡವಳು.

“ನಾನು ಇಟ್ಟ ಬೊಟ್ಟು ತಪ್ಪು, ಬರಿಗೈ ತಪ್ಪು. ಇವಳ ಉಗುಳು ಸರಿಯಾ? ಇದ್ಯಾವ ನ್ಯಾಯ? ಕೇಳು ಅವಳ್ನ.”

ಸಂಯುಕ್ತಾ ಕೇಳಿದಳು. ಮೊಯಿರಾ ನಗಲಿಲ್ಲ. ಜಿಡ್ಡು ಬಿಡಿಸಲು ಉಗುಳಿನಂಥದ್ದು ಇನ್ನೊಂದಿಲ್ಲ, ಮೈ ಬಿಸಿಯಷ್ಟೇ ಬೆಚ್ಚಗಿರುತ್ತದೆ, ಬಣ್ಣಕ್ಕೆ ಮೃದು, ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಇದನ್ನೇ ಮಾಡುತ್ತಾರೆ ಎಂದಳು. ಕಡ್ಡಿ ಕಪ್ಪಾಯಿತು. ಇನ್ನೊಂದು. ಮತ್ತೊಂದು. ಬೊಟ್ಟು ಹೋಯಿತು.

ಹೋಯಿತು ಎನ್ನುವಂತಿರಲಿಲ್ಲ. ಕಪ್ಪು ಬೊಟ್ಟು ಇದ್ದಲ್ಲಿ ಈಗ ಬಿಳಿ ಬೊಟ್ಟಿತ್ತು. ನೂರು ವರ್ಷದ ಕೊಳೆಯ ನಡುವೆ ಆ ಕೆನ್ನೆ ಒಂದೇ ಕಡೆ, ಮೆಣಸಿನ ಕಾಳಿನಷ್ಟು, ಹಾಲುಗೆಂಪಾಗಿ ಹೊಳೆಯುತ್ತಿತ್ತು. ಕಪ್ಪಿಗಿಂತ ಇದೇ ಎದ್ದು ಕಾಣುತ್ತಿತ್ತು.

“ಒಲೆಯ ಮೇಲೆ ತೂಗುಹಾಕಿದ್ದರು ಅನಿಸುತ್ತೆ,” ಎಂದಳು ಮೊಯಿರಾ. “ಈ ಕಂದು ಎಲ್ಲ ಹೊಗೆಯ ಮಸಿ, ಅಡುಗೆಯ ಜಿಡ್ಡು.”

ಸಂಯುಕ್ತಾ ಕನ್ನಡದಲ್ಲಿ ಹೇಳಿದ ಕೂಡಲೇ ಅಜ್ಜಿಯ ಮುಖ ಅರಳಿತು. “ಮಸಿ ಮತ್ತು ಜಿಡ್ಡು! ಹಾಗಾದ್ರೆ ನಾನು ಇಟ್ಟಿದ್ದು ಒಂದೇ ಬೊಟ್ಟು. ಇವರು ನೂರು ವರ್ಷ ಮೈತುಂಬ ಬೊಟ್ಟಿಟ್ಟಿದಾರೆ. ಬಯ್ಯೋದು ಮಾತ್ರ ನನ್ನ!”

ಈಗ ಪೂರ್ತಿ ಶುಚಿ ಮಾಡದೆ ದಾರಿಯಿರಲಿಲ್ಲ. ಕೊನೇ ಪಕ್ಷ ಮುಖ, ಗೌನು, ಕಾಣದ ಆ ಕೈ. ಎರಡು ದಿನ, ಸಾವಿರ ಕಡ್ಡಿ. ಮೊಯಿರಾ ಒಂದು ಕಡ್ಡಿಗೆ ಹತ್ತಿ ಸುತ್ತುವುದನ್ನು ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ತಡೆಯಲಾಗಲಿಲ್ಲ.

“ಹೊಸೆಯೋಕೆ ಬರಲ್ಲ ಈ ಮೋರೆಗೆ,” ಎಂದು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಮೊಯಿರಾ ಎಂಬ ಹೆಸರು ಅವಳ ಬಾಯಲ್ಲಿ ಮೋರೆಯಾಗಿತ್ತು. ಮೋರೆ ತೊಳೆಯುವವಳಿಗೆ ತಕ್ಕ ಹೆಸರೇ ಎಂದು ಅವಳ ಸಮಾಧಾನ. ಎಪ್ಪತ್ತು ವರ್ಷ ಲಕ್ಷಬತ್ತಿ ಹೊಸೆದ ಬೆರಳುಗಳು. ಹತ್ತಿ ಎಳೆಯುವುದು, ತಿರುವುವುದು, ಬಿಡುವುದು. ಮೊಯಿರಾ ಒಂದು ಮುಗಿಸುವಷ್ಟರಲ್ಲಿ ಅಜ್ಜಿಯ ಮುಂದೆ ಹನ್ನೆರಡು ಕಡ್ಡಿ ಸಾಲಾಗಿ ಮಲಗಿದ್ದವು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ.

“ಇವರನ್ನು ನನಗೆ ಕೊಟ್ಟುಬಿಡು,” ಎಂದಳು ಮೊಯಿರಾ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಮುಖ, ಗೌನು ಮುಗಿದವು. ಕೈ ಒಂದೇ ಬಾಕಿ. ಆದರೆ ಮೊಯಿರಾಳ ಬಾಯಿ ಒಣಗಿ ಹೋಗಿತ್ತು. ಬೇರೆ ಯಾರದ್ದಾದರೂ ಆದೀತು, ಆದರೆ ಬೆಳಗಿನಿಂದ ಕಾಫಿ, ತಿಂಡಿ ಏನೂ ಮುಟ್ಟದ ಬಾಯಿ ಬೇಕು ಎಂದಳು. ಸಂಯುಕ್ತಾ ಮೂರು ಕಾಫಿ ಕುಡಿದಿದ್ದಳು. ಗ್ರಹಾಂನ ಗಡ್ಡದಲ್ಲಿ ಆಗಷ್ಟೇ ತಿಂದ ಪೈ ಎಂಬ ಕಡುಬಿನ ಚೂರುಗಳಿದ್ದವು.

ಮೂವರೂ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದರು. ಅವತ್ತು ಏಕಾದಶಿ. ಬೆಳಗಿನಿಂದ ಬಿಸಿನೀರೊಂದೇ.

“ಏನಂತೆ?” ಎಂದಳು ಅಜ್ಜಿ. ಸಂಯುಕ್ತಾ ಹೇಳಿದಳು.

“ನನ್ನ ಎಂಜಲಾ? ಕೂಸಿಗೆ?”

“ಅಜ್ಜಿ, ನನ್ನ ಕೆಲಸ...” ಎಂದು ಸಂಯುಕ್ತಾ ಒಂದು ಕಡ್ಡಿ ಚಾಚಿದಳು.

ಅಜ್ಜಿ ಅವಳ ಮುಖ ನೋಡಿದಳು. ಕೂಸಿನ ಮುಖ ನೋಡಿದಳು. ಅವಳ ಹಣೆಯ ಹಿಂದೆ ಧರ್ಮಶಾಸ್ತ್ರವೊಂದು ಪುಟ ತಿರುವಿದ್ದು ಹೊರಗಿನವರಿಗೂ ಕಂಡಿತು.

“ಅಲ್ಲಾ, ದೃಷ್ಟಿ ತೆಗೆಯುವಾಗ ಉಪ್ಪು ಮೆಣಸಿನಕಾಯಿಗೆ ಥೂ ಥೂ ಥೂ ಅಂತ ಉಗೀತೀವಲ್ಲ,” ಎಂದಳು ತನಗೇ ತಾನು ಹೇಳಿಕೊಳ್ಳುವಂತೆ. “ಉಗೀದೆ ದೃಷ್ಟಿ ಹೋಗೋದುಂಟೇ? ಈ ಮೋರೆ ಎರಡು ದಿನದಿಂದ ಮಾಡ್ತಿರೋದು ಅದನ್ನೇ. ಮೊದಲೇ ಹಾಗಂತ ಹೇಳ್ಬಾರ್ದಾ? ಕೊಡು ಇಲ್ಲಿ.”

ಕಡ್ಡಿ ಕೈಗೆ ಬಂತು. ಬಾಯಿಗೆ ನೀರು ಬರಲಿಲ್ಲ. ಉಪವಾಸದ ಬಾಯಿ. ಹುಳಿ ನೆನೆಸಿಕೊಳ್ಳಲಿ ಎಂದಳು ಮೊಯಿರಾ. ಅಜ್ಜಿ ಕಣ್ಣು ಮುಚ್ಚಿದಳು. ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಬಿದ್ದ ಆ ಭರಣಿಯನ್ನು ನೆನೆದಳು. ಸಾಸಿವೆ ಖಾರದಲ್ಲಿ ಮುಳುಗಿ ಸುಕ್ಕಾದ ಒಂದೊಂದು ಮಿಡಿಯನ್ನೂ ಹೆಸರು ಹಿಡಿದು ಕರೆದಂತೆ ನೆನೆದಳು. ಆಮೇಲೆ ಸಂಜೆಯವರೆಗೂ ನೀರಿಗೆ ಬರವಾಗಲಿಲ್ಲ.

ಕತ್ತಲು ಕರಗುತ್ತ ಬಂತು. ಮೊದಲು ಮಣಿಕಟ್ಟು. ಆಮೇಲೆ ಪುಟ್ಟ ಮುಷ್ಟಿ. ಮುಷ್ಟಿಯಲ್ಲಿ ಕೆಂಪು ಹಿಡಿಯ ಒಂದು ಚಾಟಿ, ಆಟದ ಕುದುರೆಯನ್ನು ಹೊಡೆಯುವಂಥದ್ದು. ಅದರ ಕೆಳಗೆ ಹಳದಿ ಅಕ್ಷರಗಳು. ಮೊಯಿರಾ ಓದಿದಳು: “ರಾಸ್ಮುಸ್. ಮೂರು ವರ್ಷ. ೧೮೪೬.” ಆ ಕಾಲದಲ್ಲಿ ಪುಟ್ಟ ಗಂಡುಹುಡುಗರಿಗೂ ಗೌನೇ ತೊಡಿಸುತ್ತಿದ್ದರು, ಚಾಟಿ ಹಿಡಿದರೆ ಗಂಡು ಎಂದೇ ಗುರುತು ಎಂದಳು.

“ಬಾರಿಸೋಕೆ ಕಾಯ್ತಿದೆ ಅನ್ಲಿಲ್ವಾ ನಾನು?” ಎಂದಳು ಅಜ್ಜಿ.

ಶುಕ್ರವಾರ ಮಿಸೆಸ್ ಮ್ಯಾಡ್ಸನ್ ಕೋಲೂರಿಕೊಂಡು ಬಂದರು. ಬೊಟ್ಟಿನ ಮಾತು ಎತ್ತಬೇಡ ಎಂದು ಗ್ರಹಾಂ ಸಂಯುಕ್ತಾಳಿಗೆ ಮೂರು ಸಲ ಹೇಳಿದ್ದ. ಅವರು ಚಿತ್ರದ ಮುಂದೆ ನಿಂತರು, ಹೆಸರು ಓದಿದರು, ಕುರ್ಚಿ ಹುಡುಕಿ ಕೂತರು.

“ರಾಸ್ಮುಸ್ ನನ್ನ ಮುತ್ತಜ್ಜ,” ಎಂದರು. “ಕಾರೆನ್ ಅವನ ತಂಗಿ. ತೀರಿಕೊಂಡದ್ದು ಅವಳೇ. ಯಾರೋ ಚೀಟಿ ತಪ್ಪಾಗಿ ಅಂಟಿಸಿದ್ದಾರೆ. ಚಿಕ್ಕಂದಿನಲ್ಲಿ ಈ ಚಿತ್ರದ ಮುಂದೆ ನಮಗೆ ಜೋರಾಗಿ ನಗೋದಕ್ಕೂ ಬಿಡುತ್ತಿರಲಿಲ್ಲ. ಪಾಪದ ಕಾರೆನ್, ಸದ್ದು ಮಾಡಬೇಡಿ ಅನ್ನುತ್ತಿದ್ದರು. ನೋಡಿದರೆ ಇವನು! ಹನ್ನೊಂದು ಮಕ್ಕಳು. ಎದೆವರೆಗೆ ಗಡ್ಡ. ಎಂಬತ್ತೆಂಟನೇ ವಯಸ್ಸಿನಲ್ಲಿ ಸೇಬಿನ ಮರ ಹತ್ತಿ ಬಿದ್ದು ಸತ್ತ!” ಅವರು ನಗತೊಡಗಿದರು. ಎಪ್ಪತ್ತು ವರ್ಷ ತಡೆಹಿಡಿದ ನಗೆ. ನಿಲ್ಲಲು ಹೊತ್ತು ಹಿಡಿಯಿತು. ಕಣ್ಣೊರೆಸಿಕೊಂಡು, “ಇವನನ್ನು ಮನೆಗೇ ಕರೆದುಕೊಂಡು ಹೋಗಬೇಕು ಅನಿಸುತ್ತಿದೆ,” ಎಂದರು.

ಸಂಯುಕ್ತಾಳಿಗೆ ವಿಮಾನದ ಬಾಗಿಲು ಮುಚ್ಚುವ ಸದ್ದು ಕೇಳಿಸಿತು.

“ಏನಂತೆ ಆಯಮ್ಮ?” ಅಜ್ಜಿ ಕೇಳಿದಳು. ಸಂಯುಕ್ತಾ ಹೇಳಿದಳು.

“ಹನ್ನೊಂದು ಮಕ್ಕಳು ಅಂದ್ಮೇಲೆ ದಾಯಾದಿಗಳು ಎಷ್ಟಿರಬೇಡ? ಒಬ್ಬರ ಮನೇಲಿಟ್ರೆ ಇನ್ನೊಬ್ಬರಿಗೆ ಹೊಟ್ಟೆಯುರಿ. ಇದು ಛತ್ರ ಇದ್ದ ಹಾಗೆ. ಇಲ್ಲೇ ಇರ್ಲಿ, ಎಲ್ಲರೂ ಬಂದು ನೋಡ್ಕೊಂಡು ಹೋಗ್ಲಿ ಅನ್ನು.”

ಸಂಯುಕ್ತಾ ಅಳುಕುತ್ತ ಅನುವಾದಿಸಿದಳು. ಮಿಸೆಸ್ ಮ್ಯಾಡ್ಸನ್ ಟೋಪಿಯ ಕೆಳಗಿನ ಆ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. “ನೂರ ಅರವತ್ತು ಜನ,” ಎಂದರು. “ಪ್ರತಿ ಕ್ರಿಸ್‌ಮಸ್‌ಗೂ ಜಗಳ. ನಿಮಗೆ ಹೇಗೆ ಗೊತ್ತು? ಅಲ್ಲ, ಇವನು ಹುಡುಗ ಅಂತ ಹೇಗೆ ಪತ್ತೆಯಾಯಿತು?”

ಗ್ರಹಾಂ ಕೆಮ್ಮಿದ. ಅಜ್ಜಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಮಾತು ತನ್ನ ಬಗ್ಗೆ ಎಂಬುದು ಅರ್ಥವಾಯಿತು. ಎದ್ದು ಹೋಗಿ, ಬೆಳ್ಳಿ ಡಬ್ಬಿ ತೆರೆದು ತೋರಿಸಿ, ಬೆರಳನ್ನು ಮೊದಲು ತನ್ನ ಕೆನ್ನೆಗೆ, ಆಮೇಲೆ ಕೂಸಿನ ಕೆನ್ನೆಯ ಕಡೆಗೆ ಚಾಚಿ, “ಬ್ಯೂಟಿಫುಲ್,” ಎಂದಳು. “ಥೂ ಥೂ ಥೂ.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸಂಯುಕ್ತಾ ಎಲ್ಲವನ್ನೂ ಹೇಳಿದಳು: ನಲವತ್ತು ಜನ, ಬೊಟ್ಟು, ತುಪ್ಪ, ಎಂಜಲು, ಉಪ್ಪಿನಕಾಯಿ. ಗ್ರಹಾಂ ಕಿಟಕಿಯಾಚೆ ನೋಡುತ್ತಿದ್ದ.

ಮಿಸೆಸ್ ಮ್ಯಾಡ್ಸನ್ ಅಜ್ಜಿಯ ಕಡೆ ತಿರುಗಿದರು. “ನಾವೆಲ್ಲ ಇವನಿಗೆ ಇಷ್ಟು ವರ್ಷ ಶ್ರಾದ್ಧ ಮಾಡಿದೆವು,” ಎಂಬರ್ಥದ ಮಾತು ಹೇಳಿದರು. “ಕಾಯಿಲೆ ಬೀಳಬಾರದು ಅಂತ ಯೋಚಿಸಿದ್ದು ನೀವೊಬ್ಬರೇ.” ಆಮೇಲೆ ಪೆನ್ನು ಕೇಳಿದರು. ಚಿತ್ರವನ್ನು ಕೊಡುವುದಾಗಿ ಬರೆದು, ಕೆಳಗೆ ಒಂದು ಷರತ್ತು ಸೇರಿಸಿದರು: ಆ ಕಪ್ಪು ಬೊಟ್ಟು ವಾಪಸು ಬೇಕು.

ಗ್ರಹಾಂ ಕೆಟಲ್‌ನ ಕಡೆ ಹೊರಟ. ಅಜ್ಜಿ ತಡೆದಳು. “ಕೆನ್ನೆ ಮೇಲೆ ಬೇಡ ಅಂದ್ರೆ ಕಿವಿ ಹಿಂದೆ ಇಡೋದುಂಟು. ಯಾರಿಗೂ ಕಾಣಲ್ಲ, ಕೆಲಸ ಅದೇ ಮಾಡುತ್ತೆ.” ಚಿತ್ರಕ್ಕೆ ಹೊಸದಾಗಿ ಹಾಕಿದ್ದ ಹಿಂಬದಿಯ ಹಲಗೆಯ ಮೇಲೆ, ಎಡಗಿವಿ ಬರುವ ಜಾಗವನ್ನು, ಅಂದೂ ಉಳಿದುಕೊಂಡಿದ್ದ ಮೊಯಿರಾ ಅಳೆದು ತೋರಿಸಿದಳು. ಅಜ್ಜಿ ಇಟ್ಟಳು. ಮೆಣಸಿನ ಕಾಳಿನಷ್ಟು, ಗುಂಡಗೆ.

ಚಿತ್ರ ಗೋಡೆಗೇರಿತು. ಸಂಯುಕ್ತಾ ಗ್ರಹಾಂನ ಮುಂದೆ ನಿಂತು, ಎಂಟನೇ ಸಲ, ನನ್ನ ಕೆಲಸ ಮುಂದುವರಿಯುತ್ತದೆಯೇ ಎಂದು ಕೇಳಿದಳು.

“ಯಾ,” ಎಂದ ಗ್ರಹಾಂ.

ಅಜ್ಜಿ ಕಿವಿಯ ಮೇಲಿನ ಟೋಪಿ ಸರಿಸಿ ಕಾದಳು. ಇನ್ನೇನೂ ಬರಲಿಲ್ಲ. “ಇವತ್ತು ‘ನಾ’ ಎಲ್ಲಿ ಹೋಯ್ತೇ?” ಎಂದು ಪಿಸುಗುಟ್ಟಿದಳು.

“ನಾ ಇಲ್ಲೇ ಇದೀನಿ ಅಜ್ಜಿ,” ಎಂದಳು ಸಂಯುಕ್ತಾ, ಮತ್ತು ಹೊಸ ಚೀಟಿ ಬರೆಯಲು ಕೂತಳು. ಅರ್ಧ ಗಂಟೆ ಹಗಲುಗನಸು ಕಂಡು, ಎರಡು ಸಲ ಹೊಡೆದುಹಾಕಿ, ಕೊನೆಗೆ ಬರೆದದ್ದು ಇಷ್ಟು:

‘ರಾಸ್ಮುಸ್, ಮೂರು ವರ್ಷ. ಡೆನ್ಮಾರ್ಕ್, ೧೮೪೬. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಕಿವಿಯ ಹಿಂದೆ ಹರಳೆಣ್ಣೆ ದೀಪದ ಮಸಿ, ತುಪ್ಪ, ಮೈಸೂರು, ೨೦೧೬.’